ಸೇಮ್, ಡಿಫರೆಂಟ್, ಆಪೋಸಿಟ್: ಇಂಗ್ಲಿಷಿನ ವಿರುದ್ಧಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆ ಜಿಲ್ಲೆಯ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಬಂದವಳು ನಾನು. ವಿದ್ಯಾರ್ಥಿಗಳು, ಅವರ ಪಾಲಕರು ಮತ್ತು ಎಫ್‌ಡಿಎ, ಎಸ್‌ಡಿಎ ಪರೀಕ್ಷೆಗಳಿಗೆ ಓದುತ್ತಿರುವ ಹಳೆಯ ವಿದ್ಯಾರ್ಥಿಗಳು ವಿರುದ್ಧಪದಗಳ ಬಗ್ಗೆ ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಎರಡು ಪದಗಳ ಸುತ್ತಲೇ ಇರುತ್ತವೆ: ‘ಸೇಮ್’ ಮತ್ತು ‘ಡಿಫರೆಂಟ್’. ನೋಡಲು ಇವು ಎಳೆಯ ಮಕ್ಕಳ ಪದಗಳು. ಬರೆಯಲು ಕುಳಿತಾಗ ಮಾತ್ರ ಪದವೀಧರರೂ ಇವುಗಳಲ್ಲಿ ಎಡವುತ್ತಾರೆ. ಆ ಪ್ರಶ್ನೆಗಳನ್ನೂ ನಾನು ಕೊಡುವ ಉತ್ತರಗಳನ್ನೂ ಇಲ್ಲಿ ಒಂದೆಡೆ ಬರೆದಿದ್ದೇನೆ.

‘ಡಿಫರೆಂಟ್’ ಪದದ ವಿರುದ್ಧಪದ ‘ಸೇಮ್’ ಎಂದು ಬರೆಯಬೇಕೇ, ‘ಸಿಮಿಲರ್’ ಎಂದು ಬರೆಯಬೇಕೇ?

ಪ್ರಶ್ನೆಪತ್ರಿಕೆಯಲ್ಲಿ ಪದವನ್ನಷ್ಟೇ ಕೊಟ್ಟು ವಿರುದ್ಧಪದ ಕೇಳಿದ್ದರೆ ‘ಸೇಮ್’ ಎಂದು ಬರೆಯಿರಿ. ಆಯ್ಕೆಗಳಲ್ಲಿ ‘ಸೇಮ್’ ಇಲ್ಲದೆ ‘ಸಿಮಿಲರ್’ ಇದ್ದರೆ ಅದನ್ನು ಗುರುತಿಸಿದರೆ ತಪ್ಪಾಗುವುದಿಲ್ಲ. ಆದರೂ ಇವೆರಡರ ತೂಕ ಒಂದೇ ಅಲ್ಲ. ‘ಸೇಮ್’ ಎಂದರೆ ಕೂದಲೆಳೆಯಷ್ಟೂ ಫರಕು ಇಲ್ಲ ಎಂದರ್ಥ. ‘ಸಿಮಿಲರ್’ ಎಂದರೆ ಹೋಲಿಕೆ ಇದೆ, ಜೊತೆಗೆ ಅಷ್ಟಿಷ್ಟು ಫರಕೂ ಇದೆ ಎಂದರ್ಥ. ಎರಡು ವಸ್ತುಗಳನ್ನು ‘ಸಿಮಿಲರ್’ ಎಂದು ಕರೆದವರು ಅವುಗಳ ನಡುವಿನ ವ್ಯತ್ಯಾಸವನ್ನು ಒಪ್ಪಿಕೊಂಡೇ ಮಾತನಾಡುತ್ತಿರುತ್ತಾರೆ. ಹಾಗೆ ನೋಡಿದರೆ ‘ಸಿಮಿಲರ್’ ಪದಕ್ಕೆ ನೇರ ಎದುರಾಳಿ ‘ಡಿಸ್‌ಸಿಮಿಲರ್’.

‘ಐಡೆಂಟಿಕಲ್’ ಎಂಬ ಇನ್ನೊಂದು ಪದವೂ ಇದೆ. ವಿಜಯಪುರದ ಗೋಲಗುಮ್ಮಟದ ನಾಲ್ಕು ಮೂಲೆಗಳಲ್ಲಿ ನಿಂತಿರುವ ಏಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳು ನೋಡುವವರ ಕಣ್ಣಿಗೆ ಒಂದರ ಪಡಿಯಚ್ಚು ಇನ್ನೊಂದು, ಅವು ‘ಐಡೆಂಟಿಕಲ್’. ಬೆಳಿಗ್ಗೆ ಒಂದು ಗೋಪುರದ ಮೆಟ್ಟಿಲು ಹತ್ತಿ, ಸಂಜೆ ಮತ್ತೆ ಅದೇ ಗೋಪುರದಿಂದ ಇಳಿದು ಬಂದರೆ ಅದು ‘ದಿ ಸೇಮ್ ಟವರ್’. ಮೊದಲನೆಯದರಲ್ಲಿ ವಸ್ತುಗಳು ನಾಲ್ಕು, ರೂಪ ಒಂದು. ಎರಡನೆಯದರಲ್ಲಿ ವಸ್ತುವೇ ಒಂದು.

‘ಇಂಡಿಪೆಂಡೆಂಟ್’, ‘ಇನ್‌ಕರೆಕ್ಟ್’ ಇದ್ದ ಹಾಗೆ ‘ಡಿಫರೆಂಟ್’ ಪದಕ್ಕೆ ‘ಇಂಡಿಫರೆಂಟ್’ ಎಂದೇಕೆ ಬರೆಯಬಾರದು?

ಪ್ರತಿ ವರ್ಷ ಉತ್ತರಪತ್ರಿಕೆಗಳಲ್ಲಿ ತಪ್ಪದೆ ಕಾಣುವ ತಪ್ಪು ಇದು, ಮತ್ತು ಯೋಚಿಸಿ ಮಾಡಿದ ತಪ್ಪಾದ್ದರಿಂದ ನನಗೆ ಇಷ್ಟವಾದ ತಪ್ಪೂ ಹೌದು. ‘ಇಂಡಿಫರೆಂಟ್’ ಎಂದರೆ ಉದಾಸೀನ, ಯಾವ ಕಡೆಗೂ ಮನಸ್ಸು ಹರಿಯದ ಸ್ಥಿತಿ. ಪದ ಹುಟ್ಟಿದಾಗ ಮಕ್ಕಳ ಲೆಕ್ಕಾಚಾರವೇ ಸರಿಯಾಗಿತ್ತು: ಇಬ್ಬರ ನಡುವೆ ಭೇದ ಎಣಿಸದವನೇ ‘ಇಂಡಿಫರೆಂಟ್’, ಅಂದರೆ ನಿಷ್ಪಕ್ಷಪಾತಿ. 1662ರ ಇಂಗ್ಲಿಷ್ ಪ್ರಾರ್ಥನಾ ಗ್ರಂಥದಲ್ಲಿ ‘ಇಂಡಿಫರೆಂಟ್ಲಿ’ ನ್ಯಾಯ ನೀಡಬೇಕೆಂಬ ಮಾತು ಬರುತ್ತದೆ. ಅಲ್ಲಿ ಅದರ ಅರ್ಥ ಪಕ್ಷಪಾತವಿಲ್ಲದೆ ಎಂದು. ಇಂದು ಅಧಿಕಾರಿಯೊಬ್ಬರನ್ನು ಹೊಗಳುವ ಉದ್ದೇಶದಿಂದ ಈ ಪದ ಬಳಸಿದರೆ ಅದು ಬೈಗುಳವಾದೀತು. ಭೇದವಿಲ್ಲ ಎಂಬಲ್ಲಿಂದ ಹೊರಟ ಪದ, ಎರಡೂ ನನಗೆ ಅಷ್ಟೇ ಎಂಬಲ್ಲಿಗೆ ಬಂದು, ಕೊನೆಗೆ ನನಗೇನೂ ಬೇಕಿಲ್ಲ ಎಂಬಲ್ಲಿ ನಿಂತಿದೆ. ಪರೀಕ್ಷೆಯಲ್ಲಿ ಇದನ್ನು ಕೇಳಿದರೆ ‘ಕನ್ಸರ್ನ್ಡ್’ ಅಥವಾ ‘ಇಂಟರೆಸ್ಟೆಡ್’ ಇದರ ವಿರುದ್ಧಪದ.

ಇಂಗ್ಲಿಷಿನ ‘ಸೇಮ್’ ಮತ್ತು ನಮ್ಮ ‘ಸಮ’ ಕೇಳಲು ಒಂದೇ ಥರ ಇವೆಯಲ್ಲ?

ಒಂದೇ ಥರ ಕೇಳಿಸುವುದು ಆಕಸ್ಮಿಕವಲ್ಲ. ಇವು ದೂರದ ಸಂಬಂಧಿಕರು. ಕನ್ನಡಕ್ಕೆ ‘ಸಮ’ ಬಂದದ್ದು ಸಂಸ್ಕೃತದಿಂದ. ಇಂಗ್ಲಿಷಿಗೆ ‘ಸೇಮ್’ ಬಂದದ್ದು ಸ್ಕ್ಯಾಂಡಿನೇವಿಯಾದಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದವರ ಹಳೆಯ ನಾರ್ಸ್ ಭಾಷೆಯಿಂದ. ಎರಡಕ್ಕೂ ಇಂಡೋ-ಯುರೋಪಿಯನ್ ಮೂಲಧಾತು ಒಂದೇ. ಲ್ಯಾಟಿನ್ನಿನ ‘ಸಿಮಿಲಿಸ್’, ಗ್ರೀಕಿನ ‘ಹೋಮೋಸ್’ ಕೂಡ ಅದೇ ಬಳ್ಳಿಯ ಕಾಯಿಗಳು. ‘ಡಿಫರ್’ ಪದವನ್ನು ಬಿಡಿಸಿದರೂ ನೆಂಟಸ್ತಿಕೆ ಕಾಣುತ್ತದೆ. ಲ್ಯಾಟಿನ್ನಿನಲ್ಲಿ ‘ಡಿಸ್’ ಎಂದರೆ ಬೇರೆಬೇರೆಯಾಗಿ, ‘ಫೆರ್ರೆ’ ಎಂದರೆ ಹೊರುವುದು; ಈ ‘ಫೆರ್ರೆ’ ಸಂಸ್ಕೃತದ ‘ಭೃ’ ಧಾತುವಿನ ಬಂಧು, ನಮ್ಮ ಭಾರ, ಭರಿಸು ಎಂಬ ಪದಗಳ ಬೇರೂ ಅಲ್ಲೇ ಇದೆ. ಒಂದೇ ಹೊರೆಯನ್ನು ಎರಡು ದಿಕ್ಕಿಗೆ ಹೊತ್ತೊಯ್ದರೆ ‘ಡಿಫರೆನ್ಸ್’.

ಗಣಿತದ ‘ಸಮ್’ ಪದವನ್ನು ಮಾತ್ರ ಈ ಬಳಗಕ್ಕೆ ಸೇರಿಸಬೇಡಿ. ಗಣಿತದಲ್ಲಿ ‘ಡಿಫರೆನ್ಸ್’ ಎಂದರೆ ಕಳೆದು ಉಳಿದದ್ದು, ಅದಕ್ಕೆ ಎದುರು ಪದ ‘ಸಮ್’, ಅಂದರೆ ಕೂಡಿಸಿ ಬಂದ ಮೊತ್ತ. ಅದು ‘ಅತ್ಯುನ್ನತ’ ಎಂಬ ಅರ್ಥದ ಬೇರೊಂದು ಲ್ಯಾಟಿನ್ ಪದದಿಂದ ಬಂದದ್ದು.

ಎರಡು ವಸ್ತು ಬೇರೆ ಬೇರೆ ಆಗಿದ್ದರೆ ಅವು ವಿರುದ್ಧ ಎಂದಂತೆ ಅಲ್ಲವೇ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದಲು ಸಮಯವಿದ್ದರೆ ಇದನ್ನು ಓದಿರಿ.

ಜೋಳದ ರೊಟ್ಟಿ ಮತ್ತು ಚಪಾತಿ ಬೇರೆ ಬೇರೆ; ಆದರೆ ಒಂದಕ್ಕೊಂದು ವಿರುದ್ಧ ಎಂದು ಯಾರೂ ಹೇಳುವುದಿಲ್ಲ. ಆದರೆ ಹಂಚಿನಿಂದ ಆಗಷ್ಟೇ ಇಳಿಸಿದ ಮೆತ್ತಗಿನ ಬಿಸಿ ರೊಟ್ಟಿ ಮತ್ತು ವಾರಗಟ್ಟಲೆ ಇಡಬಹುದಾದ ಖಡಕ್ ರೊಟ್ಟಿ ವಿರುದ್ಧ ಎನ್ನಬಹುದು, ಏಕೆಂದರೆ ಹಿಟ್ಟು ಒಂದು, ಕೈ ಒಂದು, ಹಂಚು ಒಂದು. ಮೃದು ಮತ್ತು ಗಟ್ಟಿ ಎಂಬ ಒಂದೇ ಗುಣದಲ್ಲಿ ಮಾತ್ರ ಅವು ಎರಡು ತುದಿಗಳಲ್ಲಿ ನಿಂತಿವೆ. ಎರಡು ಪದಗಳು ವಿರುದ್ಧವಾಗಬೇಕಾದರೆ ಒಂದು ವಿಷಯವನ್ನುಳಿದು ಮಿಕ್ಕೆಲ್ಲದರಲ್ಲೂ ಅವು ಒಂದೇ ಆಗಿರಬೇಕು. ‘ಹಾಟ್’ ಮತ್ತು ‘ಕೋಲ್ಡ್’ ಎರಡೂ ತಾಪದ ಮಾತು, ‘ಟಾಲ್’ ಮತ್ತು ‘ಶಾರ್ಟ್’ ಎರಡೂ ಎತ್ತರದ ಮಾತು. ‘ಹಾಟ್’ ಮತ್ತು ‘ಶಾರ್ಟ್’ ಎಷ್ಟೇ ಬೇರೆಯಾದರೂ ವಿರುದ್ಧವಲ್ಲ, ಅವುಗಳಿಗೆ ನಿಲ್ಲಲು ಒಂದು ಸಾಮಾನ್ಯ ನೆಲವೇ ಇಲ್ಲ.

ಈ ಭೇದವನ್ನು ಕನ್ನಡದ ನುಡಿಗಟ್ಟುಗಳು ಮೊದಲೇ ಗುರುತಿಸಿವೆ. ಅಜಗಜಾಂತರ ಎಂದಾಗ ಆಡಿಗೂ ಆನೆಗೂ ಇರುವ ಭಾರಿ ವ್ಯತ್ಯಾಸವನ್ನು ಹೇಳುತ್ತೇವೆ. ಆಡು ಆನೆಯ ವಿರುದ್ಧ ಎಂದು ಹೇಳುವುದಿಲ್ಲ. ಇಬ್ಬರದ್ದು ಎಣ್ಣೆ-ಸೀಗೆಕಾಯಿ ಸಂಬಂಧ ಎಂದಾಗ ಮಾತ್ರ ವಿರೋಧವನ್ನು ಹೇಳುತ್ತೇವೆ: ಎರಡೂ ಸೇರುವುದು ಒಂದೇ ತಲೆಗೆ, ಒಂದು ಜಿಡ್ಡು ಹಚ್ಚುತ್ತದೆ, ಇನ್ನೊಂದು ಅದನ್ನೇ ತೆಗೆಯುತ್ತದೆ.

ಪೀಟರ್ ಮಾರ್ಕ್ ರೋಜೆ 1852ರಲ್ಲಿ ಪ್ರಕಟಿಸಿದ ಥೆಸಾರಸ್‌ನಲ್ಲಿ, ಅಂದರೆ ಅರ್ಥಕ್ಕೆ ಅನುಗುಣವಾಗಿ ಪದಗಳನ್ನು ಗುಂಪು ಮಾಡಿದ ಕೋಶದಲ್ಲಿ, ಎದುರುಬದುರು ಕಲ್ಪನೆಗಳನ್ನು ಅಕ್ಕಪಕ್ಕದ ಅಂಕಣಗಳಲ್ಲಿ ಇಟ್ಟಿದ್ದರು. ಆ ವರ್ಗೀಕರಣದಲ್ಲಿ ಅಭಿನ್ನತೆಗೆ ಪ್ರತಿಯಾಗಿ ವಿರೋಧ ಮತ್ತು ವ್ಯತ್ಯಾಸ ಎರಡು ಪ್ರತ್ಯೇಕ ಶೀರ್ಷಿಕೆಗಳಾಗಿವೆ. ವಿರುದ್ಧಪದಕ್ಕೆ ಇಂಗ್ಲಿಷಿನಲ್ಲಿರುವ ‘ಆಂಟನಿಮ್’ ಎಂಬ ಪದವಾದರೂ ಅದಕ್ಕಿಂತ ಈಚಿನದು. ಚಾರ್ಲ್ಸ್ ಜಾನ್ ಸ್ಮಿತ್ ಎಂಬ ಇಂಗ್ಲಿಷ್ ಪಾದ್ರಿ 1867ರಲ್ಲಿ ಅದನ್ನು ಬಳಕೆಗೆ ತಂದರು.

ವಿರುದ್ಧಪದಗಳಲ್ಲೂ ಎಲ್ಲವೂ ಒಂದೇ ಬಗೆಯವಲ್ಲ. ‘ಹಾಟ್’ ಮತ್ತು ‘ಕೋಲ್ಡ್’ ನಡುವೆ ಉಗುರುಬೆಚ್ಚಗಿನ ನೀರಿಗೆ ಜಾಗವಿದೆ; ‘ಪಾಸ್’ ಮತ್ತು ‘ಫೇಲ್’ ನಡುವೆ ಜಾಗವಿಲ್ಲ, ಒಂದಲ್ಲವಾದರೆ ಇನ್ನೊಂದು ಆಗಲೇಬೇಕು. ‘ಬೈ’ ಮತ್ತು ‘ಸೆಲ್’ ಮೂರನೆಯ ಬಗೆ. ಎಪಿಎಂಸಿ ಅಂಗಳದಲ್ಲಿ ಒಂದು ಚೀಲ ಜೋಳ, ಒಂದು ತೂಕ, ಒಂದು ದರ. ವ್ಯವಹಾರ ಒಂದೇ, ರೈತನ ಕಡೆಯಿಂದ ನೋಡಿದರೆ ಮಾರಾಟ, ದಲಾಲಿ ಅಂಗಡಿಗೆ ಬಂದ ಖರೀದಿದಾರನ ಕಡೆಯಿಂದ ನೋಡಿದರೆ ಖರೀದಿ.

‘ಕಾಂಟ್ರಾಸ್ಟ್’ ಎಂದರೆ ‘ಡಿಫರೆನ್ಸ್’ ಎಂದೇ ಅರ್ಥವಲ್ಲವೇ?

ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ನಿಘಂಟಿನಲ್ಲಲ್ಲ, ಗುಳೇದಗುಡ್ಡದ ಒಂದು ಖಣದ (ರವಿಕೆ ಬಟ್ಟೆಯ) ಅಂಗಡಿಯಲ್ಲಿ. ಮಗಳ ಮದುವೆಗೆ ತಂದಿದ್ದ ಇಳಕಲ್ ಸೀರೆಯ ಒಡಲು ಹಸಿರು, ದಡಿ ದಾಳಿಂಬೆ ಕೆಂಪು. ಅದಕ್ಕೆ ಕೊಂಡಿ ಹಾಕಿ ಜೋಡಿಸಿದ ಸೆರಗೂ ಕೆಂಪು. ಸೀರೆಯನ್ನು ಗಲ್ಲೆಯ ಮೇಲೆ ಇಟ್ಟ ಕೂಡಲೇ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆ: “ಮ್ಯಾಚಿಂಗ್ ಕೊಡ್ಲೇನ್ರಿ ಅಕ್ಕಾರ, ಕಾಂಟ್ರಾಸ್ಟ್ ಕೊಡ್ಲೇನ್ರಿ?” ಮೊದಲು ಮ್ಯಾಚಿಂಗ್ ತೋರಿಸಲು ಹೇಳಿದೆ. ಟ್ಯೂಬ್‌ಲೈಟಿನ ಕೆಳಗೆ ಸೀರೆಯ ಹಸಿರಿಗೂ ಖಣದ ಹಸಿರಿಗೂ ಯಾವ ಫರಕೂ ಕಾಣಲಿಲ್ಲ. ಅವರು ಎರಡನ್ನೂ ಎತ್ತಿಕೊಂಡು ಬಾಗಿಲಿನ ಹೊಸ್ತಿಲಿಗೆ ಹೋಗಿ ಬಿಸಿಲಿಗೆ ಹಿಡಿದರು. ಖಣದ ಹಸಿರಿನಲ್ಲಿ ನೀಲಿಯ ಛಾಯೆ ಎದ್ದು ಕಂಡಿತು. ಒಳಗೆ ‘ಸೇಮ್’ ಆಗಿದ್ದದ್ದು ಹೊಸ್ತಿಲಿನಲ್ಲಿ ‘ಸಿಮಿಲರ್’ ಆಗಿತ್ತು.

ಹಾಗಾದರೆ ಈ ಹಳದಿ ಖಣವನ್ನು ಕಾಂಟ್ರಾಸ್ಟ್ ಎಂದು ಕೊಡಿ ಎಂದು ನಾನು ಕೈ ತೋರಿಸಿದೆ. ಅವರು ತಲೆಯಾಡಿಸಿ, “ಅದು ಕಾಂಟ್ರಾಸ್ಟ್ ಅಲ್ರಿ, ಬರೇ ಬ್ಯಾರೆ” ಎಂದು ಹೇಳಿ, ದಡಿಯ ಕೆಂಪಿಗೆ ಹೊಂದುವ ಕೆಂಪು ಖಣವನ್ನು ಹಸಿರು ಒಡಲಿನ ಮೇಲೆ ಹಾಸಿದರು. ಹಸಿರು ಇನ್ನಷ್ಟು ಹಸಿರಾಗಿ, ಕೆಂಪು ಇನ್ನಷ್ಟು ಕೆಂಪಾಗಿ ಕಂಡಿತು. ಲ್ಯಾಟಿನ್ನಿನಲ್ಲಿ ‘ಕಾಂಟ್ರಾ’ ಎಂದರೆ ಎದುರು, ‘ಸ್ಟಾರೆ’ ಎಂದರೆ ನಿಲ್ಲುವುದು. ಎದುರು ನಿಲ್ಲಿಸಿದಾಗ ಒಂದರಿಂದ ಇನ್ನೊಂದು ಎದ್ದು ಕಾಣುವಂಥ ಭೇದವೇ ‘ಕಾಂಟ್ರಾಸ್ಟ್’. ಎದುರು ನಿಲ್ಲಿಸದೆಯೂ ಇರುವ ಭೇದ ‘ಡಿಫರೆನ್ಸ್’. ಉಚ್ಚಾರದಲ್ಲಿ ನಾಮಪದವಾದರೆ ಒತ್ತು ಮೊದಲ ಅಕ್ಷರದ ಮೇಲೆ, ಕ್ರಿಯಾಪದವಾದರೆ ಎರಡನೆಯದರ ಮೇಲೆ ಎಂಬುದನ್ನೂ ಗಮನದಲ್ಲಿಡಿ.

ಮಕ್ಕಳು ‘ಸೇಮ್’ ಎನ್ನಬೇಕಾದಲ್ಲಿ ‘ಒನ್’ ಎಂದು ಬರೆಯುವುದೇಕೆ?

ನಮ್ಮ ‘ಒಂದೇ’ ಎಂಬ ಪದ ಮೂರು ಕೆಲಸ ಮಾಡುತ್ತದೆ. ನನ್ನ ಹತ್ತಿರ ಒಂದೇ ಪೆನ್ನು ಇದೆ ಎಂದರೆ ‘ಓನ್ಲಿ ಒನ್’. ನಾವಿಬ್ಬರೂ ಒಂದೇ ಊರಿನವರು ಎಂದರೆ ‘ದಿ ಸೇಮ್ ವಿಲೇಜ್’. ಎಲ್ಲರೂ ಒಂದೇ ಎಂದರೆ ‘ಈಕ್ವಲ್’. ಕನ್ನಡದಲ್ಲಿ ಸಂದರ್ಭವೇ ಅರ್ಥವನ್ನು ಆರಿಸಿಕೊಡುವುದರಿಂದ ನಮಗೆ ತೊಡಕು ಕಾಣಿಸುವುದಿಲ್ಲ. ವಿದ್ಯಾರ್ಥಿನಿಯೊಬ್ಬಳು ‘ಮೈ ಫ್ರೆಂಡ್ ಆಂಡ್ ಐ ಆರ್ ಫ್ರಮ್ ಒನ್ ವಿಲೇಜ್’ ಎಂದು ಬರೆದಾಗ ಅವಳ ತಲೆಯಲ್ಲಿದ್ದ ಕನ್ನಡ ವಾಕ್ಯ ನಿರ್ದುಷ್ಟವಾಗಿತ್ತು.

‘ಅದೇ’ ಎಂಬುದರ ಕಥೆಯೂ ಹಾಗೆಯೇ. ಪದದ ಕೊನೆಗೆ ಒಂದು ‘ಏ’ ಹಚ್ಚಿದರೆ ಸಾಕು, ಕನ್ನಡದಲ್ಲಿ ‘ಸೇಮ್’ ಸಿದ್ಧವಾಗುತ್ತದೆ: ಅದೇ ಅಂಗಡಿ, ಅವರೇ ಮಾಸ್ತರರು, ಅಲ್ಲೇ. ಈ ‘ಏ’ಯನ್ನು ಇಂಗ್ಲಿಷಿಗೆ ಎಳೆದಾಗ ‘ದಟ್ ಓನ್ಲಿ’, ‘ದೇರ್ ಓನ್ಲಿ’ ಹುಟ್ಟುತ್ತವೆ. ಅಲ್ಲಿ ಬೇಕಾದದ್ದು ‘ದಿ ಸೇಮ್ ಶಾಪ್’, ‘ದಿ ಸೇಮ್ ಟೀಚರ್’.

ಇನ್ನೊಂದು ಕಡೆ ಕನ್ನಡವೇ ಇಂಗ್ಲಿಷಿಗಿಂತ ಮುಂದಿದೆ. ಅಣ್ಣ ನನ್ನ ಅಂಗಿಯನ್ನೇ ಹಾಕಿಕೊಂಡು ಹೋದರೆ ‘ಅದೇ ಅಂಗಿ’. ಅಂಥದೇ ಇನ್ನೊಂದನ್ನು ಕೊಂಡು ತಂದರೆ ‘ಅಂಥದೇ ಅಂಗಿ’. ಇಂಗ್ಲಿಷಿನಲ್ಲಿ ಎರಡಕ್ಕೂ ‘ದಿ ಸೇಮ್ ಶರ್ಟ್’ ಎಂದೇ ಹೇಳುವುದು ರೂಢಿ, ಉಳಿದದ್ದನ್ನು ಕೇಳುವವರು ಊಹಿಸಿಕೊಳ್ಳಬೇಕು. ಈ ವಿಷಯ ಹೇಳಿದಾಗ ತರಗತಿಯಲ್ಲಿ ಮಕ್ಕಳ ಮುಖದಲ್ಲಿ ಕಾಣುವ ಸಂತೋಷ ವ್ಯಾಕರಣದ ಬೇರೆ ಯಾವ ಪಾಠದಲ್ಲೂ ಕಂಡಿಲ್ಲ.

‘ವೆರಿ ಡಿಫರೆಂಟ್’ ಎನ್ನಬಹುದಾದರೆ ‘ವೆರಿ ಸೇಮ್’ ಏಕೆ ತಪ್ಪು?

‘ಡಿಫರೆಂಟ್’ ಒಂದು ಬಯಲು, ‘ಸೇಮ್’ ಒಂದು ಚುಕ್ಕೆ. ಬಯಲಿನಲ್ಲಿ ಹತ್ತಿರ, ದೂರ ಎಂದು ಹೇಳಬಹುದಾದ್ದರಿಂದ ‘ಸ್ಲೈಟ್ಲಿ ಡಿಫರೆಂಟ್’, ‘ವೆರಿ ಡಿಫರೆಂಟ್’, ‘ಕಂಪ್ಲೀಟ್ಲಿ ಡಿಫರೆಂಟ್’ ಎಲ್ಲವೂ ನಡೆಯುತ್ತವೆ. ಚುಕ್ಕೆಯ ಮೇಲೆ ಇದ್ದೇವೆ ಅಥವಾ ಇಲ್ಲ. ಹೆಚ್ಚು ಸೇಮ್, ಕಡಿಮೆ ಸೇಮ್ ಎಂಬುದಿಲ್ಲ. ಆ ಚುಕ್ಕೆಗೆ ಎಷ್ಟು ಹತ್ತಿರ ಎಂದು ಹೇಳಲು ‘ಆಲ್ಮೋಸ್ಟ್ ದಿ ಸೇಮ್’ ಎಂದೂ, ಸರಿಯಾಗಿ ಅದರ ಮೇಲೆಯೇ ಎನ್ನಲು ‘ಎಕ್ಸಾಕ್ಟ್ಲಿ ದಿ ಸೇಮ್’ ಎಂದೂ ಬರೆಯಬೇಕು. ‘ದಿ ವೆರಿ ಸೇಮ್’ ಎಂಬ ಪ್ರಯೋಗ ಇದೆಯಾದರೂ ಅಲ್ಲಿ ‘ವೆರಿ’ ಎಂದರೆ ಬಹಳ ಎಂದಲ್ಲ, ‘ಸಾಕ್ಷಾತ್ ಅದೇ’ ಎಂದು. ಹಾಗೆಯೇ ‘ಸೇಮ್’ ಮುಂದೆ ‘ದಿ’ ಬಿಡಬೇಡಿ. ಇರುವುದು ಒಂದೇ ಆದಮೇಲೆ ಅದು ನಿಶ್ಚಿತವಾದದ್ದೇ. ‘ಸೇಮ್ ಟು ಸೇಮ್’ ಮಾತಿನಲ್ಲಿ ಚೆನ್ನಾಗಿರುತ್ತದೆ, ಉತ್ತರಪತ್ರಿಕೆಯಲ್ಲಿ ಬೇಡ.

‘ಬೇರೆ’ ಎಂಬುದಕ್ಕೆ ಯಾವಾಗಲೂ ‘ಡಿಫರೆಂಟ್’ ಎಂದರೆ ಸಾಕೇ?

ಸಾಲದು. ಬೇರೆ ಪೆನ್ನು ಕೊಡಿ ಎಂದರೆ ‘ಅನದರ್ ಪೆನ್’. ಬೇರೆಯವರು ಎಂದರೆ ‘ಅದರ್ಸ್’. ಅಣ್ಣತಮ್ಮಂದಿರು ಬೇರೆ ಆದರು ಎಂದರೆ ‘ಸೆಪರೇಟೆಡ್’, ಅದರಲ್ಲೂ ಆಸ್ತಿಯ ಪಾಲು ಆಯಿತು ಎಂದರ್ಥ. ಅವನ ಸ್ವಭಾವವೇ ಬೇರೆ ಎಂದಾಗ ಮಾತ್ರ ‘ಡಿಫರೆಂಟ್’. ಗುಣದ ಭೇದ ಹೇಳುವಾಗ ‘ಡಿಫರೆಂಟ್’, ಎಣಿಕೆಯ ಭೇದ ಹೇಳುವಾಗ ‘ಅನದರ್’ ಎಂದು ತಿಳಿದುಕೊಂಡರೆ ಹೆಚ್ಚಿನ ಕಡೆ ದಾರಿ ತಪ್ಪುವುದಿಲ್ಲ.

‘ಡಿಫರೆಂಟ್ ಫ್ರಮ್’ ಸರಿಯೇ, ‘ಡಿಫರೆಂಟ್ ದ್ಯಾನ್’ ಸರಿಯೇ?

ಪರೀಕ್ಷೆಗೆ ‘ಡಿಫರೆಂಟ್ ಫ್ರಮ್’. ಬ್ರಿಟನ್ನಿನಲ್ಲಿ ‘ಟು’, ಅಮೆರಿಕದಲ್ಲಿ ‘ದ್ಯಾನ್’ ಕೂಡ ಬಳಕೆಯಲ್ಲಿವೆ. ‘ಫ್ರಮ್’ ಎಲ್ಲ ಕಡೆಯೂ ನಡೆಯುತ್ತದೆ. ನಮ್ಮ ಮಕ್ಕಳು ‘ದ್ಯಾನ್’ ಕಡೆಗೆ ವಾಲುವುದಕ್ಕೆ ಅಮೆರಿಕ ಕಾರಣವಲ್ಲ, ‘ಅದಕ್ಕಿಂತ ಬೇರೆ’ ಎಂಬ ಕನ್ನಡ ಕಾರಣ. ‘ಅದರಿಂದ ಭಿನ್ನ’ ಎಂಬ ಗ್ರಾಂಥಿಕ ರೂಪವನ್ನು ನೆನಪಿಸಿಕೊಂಡರೆ ‘ಫ್ರಮ್’ ತಾನಾಗಿ ಬರುತ್ತದೆ.

ಉಳಿದವುಗಳಿಗೂ ಕನ್ನಡದ ವಿಭಕ್ತಿಯೇ ದಾರಿ ತೋರಿಸುತ್ತದೆ. ‘ಅದಕ್ಕೆ ಸಮಾನ’ ಎನ್ನುತ್ತೇವೆ, ಆದ್ದರಿಂದ ‘ಈಕ್ವಲ್ ಟು’, ‘ಸಿಮಿಲರ್ ಟು’. ‘ತಂದೆಯನ್ನು ಹೋಲುತ್ತಾನೆ’ ಎನ್ನುತ್ತೇವೆ, ಆದ್ದರಿಂದ ‘ರಿಸೆಂಬಲ್ಸ್ ಹಿಸ್ ಫಾದರ್’. ಅಲ್ಲಿ ‘ಟು’ ಹಾಕಿದರೆ ತಪ್ಪು. ‘ಸೇಮ್’ ಒಂದು ಮಾತ್ರ ನಮ್ಮನ್ನು ಮೋಸಗೊಳಿಸುತ್ತದೆ: ‘ಅದರ ಹಾಗೆ’ ಎಂಬುದನ್ನು ‘ಸೇಮ್ ಲೈಕ್’ ಎಂದು ಬರೆಯುತ್ತೇವೆ, ಬೇಕಾದದ್ದು ‘ದಿ ಸೇಮ್ ಆ್ಯಸ್’.

ಬಸವ ಜಯಂತಿಯ ಪ್ರಬಂಧದಲ್ಲಿ ‘ಆಲ್ ಆರ್ ಸೇಮ್’ ಎಂದು ಬರೆದದ್ದಕ್ಕೆ ಅಂಕ ಕಳೆದಿದ್ದೀರಿ, ಏಕೆ?

ಪಾಲಕರೊಬ್ಬರು ಸಿಟ್ಟಿನಿಂದಲೇ ಕೇಳಿದ ಪ್ರಶ್ನೆ ಇದು. ಬಸವನ ಬಾಗೇವಾಡಿಯ ನೆಲದಿಂದ ಬಂದ ಬಸವಣ್ಣನವರು 12ನೆಯ ಶತಮಾನದಲ್ಲಿ ಹೇಳಿದ್ದು ಕಸುಬು, ಕುಲ ಬೇರೆಯಾದರೂ ಮೇಲುಕೀಳಿಲ್ಲ ಎಂದು. ಅನುಭವ ಮಂಟಪದಲ್ಲಿ ಅಂಬಿಗನೂ, ಮಡಿವಾಳನೂ, ಅರಸೊತ್ತಿಗೆಯಲ್ಲಿದ್ದವರೂ ಒಟ್ಟಿಗೆ ಕುಳಿತರು. ಅವರೆಲ್ಲ ‘ಈಕ್ವಲ್’ ಆಗಿದ್ದರು, ‘ಸೇಮ್’ ಆಗಿರಲಿಲ್ಲ. ಅಂಬಿಗರ ಚೌಡಯ್ಯನ ಮಾತಿನ ಬಿರುಸು ಅಕ್ಕಮಹಾದೇವಿಯ ವಚನದಲ್ಲಿಲ್ಲ, ಅಕ್ಕನ ಆರ್ತತೆ ಅವನಲ್ಲಿಲ್ಲ. ‘ಸೇಮ್’ ಎಂದರೆ ಈ ಭೇದಗಳೇ ಅಳಿಸಿಹೋಗುತ್ತವೆ. ‘ಈಕ್ವಲ್’ ಎಂದರೆ ಭೇದಗಳು ಉಳಿದು ಬೆಲೆ ಒಂದಾಗುತ್ತದೆ. ಕನ್ನಡದ ‘ಸಮಾನ’, ‘ಒಂದೇ’ ಎಂಬ ಪದಗಳು ಎರಡೂ ಅರ್ಥಗಳನ್ನು ಹೊರುವುದರಿಂದ ವಿದ್ಯಾರ್ಥಿಗೆ ಗೊಂದಲವಾಗುವುದು ಸಹಜ. ಕಳೆದದ್ದು ಅರ್ಧ ಅಂಕ. ಪಾಲಕರಿಗೆ ಇಷ್ಟನ್ನೂ ವಿವರಿಸಿದ ಮೇಲೆ ಅದನ್ನು ಮರಳಿ ಕೊಟ್ಟೆ ಎಂಬುದನ್ನೂ ಹೇಳಿಬಿಡುತ್ತೇನೆ.

‘ಅನ್‌ಈಕ್ವಲ್’ ಇರುವಾಗ ‘ಇನ್‌ಈಕ್ವಾಲಿಟಿ’ ಏಕೆ? ಯಾವ ಪದಕ್ಕೆ ಯಾವ ಪ್ರತ್ಯಯ ಎಂದು ತಿಳಿಯುವುದು ಹೇಗೆ?

‘ಅನ್’ ಇಂಗ್ಲಿಷಿನ ಸ್ವಂತ ಆಸ್ತಿ, ‘ಇನ್’ ಲ್ಯಾಟಿನ್ನಿನಿಂದ ಬಂದದ್ದು, ನಮ್ಮ ಸಂಸ್ಕೃತದ ‘ಅ’, ‘ಅನ್’ ಇವುಗಳ ಬಂಧು. ಮೂರರ ಮೂಲವೂ ಒಂದೇ. ವ್ಯಂಜನದ ಮುಂದೆ ಅಸಮಾನ, ಸ್ವರದ ಮುಂದೆ ಅನುಚಿತ ಎಂದು ಸಂಸ್ಕೃತದಲ್ಲಿ ರೂಪ ಬದಲಾಗುವಂತೆ ‘ಇನ್’ ಕೂಡ ಮುಂದಿನ ಅಕ್ಷರಕ್ಕೆ ತಕ್ಕಂತೆ ಬದಲಾಗುತ್ತದೆ: ಇಲ್ಲೀಗಲ್, ಇರ್ರೆಗ್ಯುಲರ್, ಇಂಪಾಸಿಬಲ್. ಗುಣವಾಚಕಕ್ಕೆ ‘ಅನ್’, ಅದರ ಭಾವನಾಮಕ್ಕೆ ‘ಇನ್’ ಬರುವ ಒಂದು ಸಣ್ಣ ಗುಂಪಿದೆ: ಅನ್‌ಈಕ್ವಲ್ ಮತ್ತು ಇನ್‌ಈಕ್ವಾಲಿಟಿ, ಅನ್‌ಜಸ್ಟ್ ಮತ್ತು ಇನ್‌ಜಸ್ಟಿಸ್, ಅನೇಬಲ್ ಮತ್ತು ಇನೇಬಿಲಿಟಿ, ಅನ್‌ಸ್ಟೇಬಲ್ ಮತ್ತು ಇನ್‌ಸ್ಟೆಬಿಲಿಟಿ. ಇವುಗಳನ್ನು ಜೋಡಿಯಾಗಿಯೇ ಕಲಿಯಬೇಕು, ಬೇರೆ ಉಪಾಯವಿಲ್ಲ.

‘ಲೈಕ್’ ಪದದಲ್ಲಿ ಹೆಚ್ಚಿನ ಎಚ್ಚರ ಬೇಕು. ಇಷ್ಟಪಡು ಎಂಬ ‘ಲೈಕ್’ ಆದರೆ ‘ಡಿಸ್‌ಲೈಕ್’. ಹಾಗೆ ಎಂಬ ‘ಲೈಕ್’ ಆದರೆ ‘ಅನ್‌ಲೈಕ್’. ಮೊಬೈಲಿನಲ್ಲಿ ಒತ್ತಿದ ಲೈಕನ್ನು ಹಿಂತೆಗೆದುಕೊಳ್ಳುವುದಕ್ಕೂ ಈಗ ‘ಅನ್‌ಲೈಕ್’ ಎನ್ನುತ್ತಾರೆ. ಅದು ಇಷ್ಟವಿಲ್ಲ ಎಂದಲ್ಲ, ಮೊದಲಿನ ಸ್ಥಿತಿಗೆ ಮರಳಿದೆ ಎಂದಷ್ಟೇ.

‘ಇನ್’ ಬಂದರೆ ಯಾವಾಗಲೂ ವಿರುದ್ಧಾರ್ಥವೇ?

ಇಲ್ಲ. ಬೆಳಗಾವಿಯ ಹೆದ್ದಾರಿಯಲ್ಲಿ ಹೋಗುವ ಪೆಟ್ರೋಲ್ ಟ್ಯಾಂಕರ್‌ಗಳ ಹಿಂದೆ ‘ಇನ್‌ಫ್ಲೇಮಬಲ್’ ಎಂದಿದ್ದರೆ ಅದು ಬೆಂಕಿ ಹತ್ತುವುದಿಲ್ಲ ಎಂದಲ್ಲ. ‘ಫ್ಲೇಮಬಲ್’ ಮತ್ತು ‘ಇನ್‌ಫ್ಲೇಮಬಲ್’ ಎರಡೂ ಒಂದೇ. ಬೆಂಕಿ ಹತ್ತದ್ದಕ್ಕೆ ‘ನಾನ್‌ಫ್ಲೇಮಬಲ್’. ‘ಇನ್‌ವ್ಯಾಲ್ಯುಬಲ್’ ಕೂಡ ಹಾಗೆಯೇ, ಬೆಲೆ ಕಟ್ಟಲಾಗದಷ್ಟು ಅಮೂಲ್ಯ ಎಂದರ್ಥ.

ಒಂದೇ ಪದ ತನಗೇ ವಿರುದ್ಧವಾಗಲು ಸಾಧ್ಯವೇ?

ಸಾಧ್ಯ. ಬ್ಯಾಂಕಿನವರು ಬೆಳೆಸಾಲ ‘ಸ್ಯಾಂಕ್ಷನ್’ ಮಾಡಿದರೆ ಮಂಜೂರಾತಿ. ಒಂದು ದೇಶದ ಮೇಲೆ ‘ಸ್ಯಾಂಕ್ಷನ್’ ಹೇರಿದರೆ ನಿರ್ಬಂಧ. ‘ಓವರ್‌ಸೈಟ್’ ಎಂದರೆ ಮೇಲ್ವಿಚಾರಣೆಯೂ ಹೌದು, ಕಣ್ತಪ್ಪೂ ಹೌದು. ವಿಜಯಪುರದ ಉರ್ದು ಮನೆಮಾತಿನ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಅವರ ‘ಕಲ್’ ನಿನ್ನೆಯೂ ಹೌದು, ನಾಳೆಯೂ ಹೌದು.

‘ಅಲೈಕ್’ ಪದವನ್ನು ‘ಸಿಮಿಲರ್’ ಬದಲಿಗೆ ಎಲ್ಲೆಡೆ ಬಳಸಬಹುದೇ?

ನಾಮಪದದ ಮುಂದೆ ಬಳಸಬಾರದು. ‘ದಿ ಟ್ವಿನ್ಸ್ ಆರ್ ಅಲೈಕ್’ ಸರಿ, ‘ಅಲೈಕ್ ಟ್ವಿನ್ಸ್’ ತಪ್ಪು.

ಎರಡು ವಸ್ತುಗಳನ್ನು ಹೋಲಿಸಿ ಬರೆಯುವ ಪ್ರಶ್ನೆಗೆ ಅಭ್ಯಾಸ ಮಾಡುವುದು ಹೇಗೆ?

ನಾನು ಒಂಬತ್ತನೆಯ ತರಗತಿಯವರನ್ನು ಪಟ್ಟದಕಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮಲಪ್ರಭೆಯ ದಂಡೆಯ ಈ ದೇವಾಲಯಗಳ ಸಮುಚ್ಚಯ 1987ರಿಂದ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಹೋಲಿಕೆಯ ಅಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕರಿಹಲಗೆ ನನಗೆ ಗೊತ್ತಿಲ್ಲ.

ಮೊದಲು ವಿರೂಪಾಕ್ಷ ಮತ್ತು ಮಲ್ಲಿಕಾರ್ಜುನ ದೇವಾಲಯಗಳ ನಡುವೆ ನಿಲ್ಲಿಸುತ್ತೇನೆ. ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯ ಪಲ್ಲವರ ಮೇಲೆ ಸಾಧಿಸಿದ ವಿಜಯದ ನೆನಪಿಗೆ ಒಂದನ್ನು ರಾಣಿ ಲೋಕಮಹಾದೇವಿ, ಇನ್ನೊಂದನ್ನು ರಾಣಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದರು. ಇಲ್ಲಿ ಸಾಮ್ಯ ಹೆಚ್ಚು: ‘ಬೋತ್’, ‘ಲೈಕ್’, ‘ಸಿಮಿಲರ್ಲಿ’ ಎಂಬ ಪದಗಳಿಗೆ ಕೆಲಸ ಸಿಗುತ್ತದೆ. ಎರಡೂ ದ್ರಾವಿಡ ಶೈಲಿಯವು, ಎರಡೂ ಶಿವನಿಗೆ ಅರ್ಪಿತವಾದವು, ಮಲ್ಲಿಕಾರ್ಜುನ ಸ್ವಲ್ಪ ಚಿಕ್ಕದು. ಬಳಿಕ ತಿರುಗಿ ಕಾಶಿವಿಶ್ವನಾಥ ದೇವಾಲಯದ ಕಡೆ ನೋಡಲು ಹೇಳುತ್ತೇನೆ. ಅದು ನಾಗರ ಶೈಲಿ, ಶಿಖರ ಬಾಗುತ್ತ ಮೇಲೇರುತ್ತದೆ. ವಿರೂಪಾಕ್ಷದ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಗೋಪುರ, ಅಂತಸ್ತುಗಳಾಗಿ ಏರುತ್ತದೆ. ಈಗ ‘ವೇರ್‌ಆ್ಯಸ್’, ‘ಅನ್‌ಲೈಕ್’, ‘ಇನ್ ಕಾಂಟ್ರಾಸ್ಟ್’ ಬೇಕಾಗುತ್ತವೆ. ಕೊನೆಗೆ ಪಾಪನಾಥ ದೇವಾಲಯದ ಮುಂದೆ ಎರಡೂ ಶೈಲಿಗಳು ಒಂದೇ ಕಟ್ಟಡದಲ್ಲಿ ಬೆರೆತಿರುವುದನ್ನು ನೋಡಿ ಮಕ್ಕಳು ಯಾವ ಪದ ಬಳಸಬೇಕೆಂದು ತಡವರಿಸುತ್ತಾರೆ. ತಡವರಿಸಲಿ ಎಂದೇ ಅದನ್ನು ಕೊನೆಗೆ ಇಟ್ಟಿರುತ್ತೇನೆ.

ಬರೆಯುವಾಗ ಒಂದು ನಿಯಮ ಪಾಲಿಸಿ: ಸಾಮ್ಯವನ್ನು ಮೊದಲು ಹೇಳಿ, ಆಮೇಲೆ ಭೇದವನ್ನು ಹೇಳಿ. ಯಾವ ನೆಲದ ಮೇಲೆ ನಿಂತು ಹೋಲಿಸುತ್ತಿದ್ದೇವೆ ಎಂಬುದು ಓದುಗರಿಗೆ ತಿಳಿಯದಿದ್ದರೆ ಭೇದಗಳ ಪಟ್ಟಿ ಸಂತೆಯ ಸಾಮಾನಿನಂತೆ ಚೆಲ್ಲಾಪಿಲ್ಲಿಯಾಗುತ್ತದೆ.

‘ಯೂನಿಫಾರ್ಮ್’ ಪದಕ್ಕೆ ‘ವೆರೈಟಿ’ ವಿರುದ್ಧವೇ?

‘ಯೂನಿಫಾರ್ಮ್’ ಗುಣವಾಚಕವಾದಾಗ ‘ವೇರೀಡ್’ ಅಥವಾ ‘ಡೈವರ್ಸ್’ ಅದರ ವಿರುದ್ಧಪದ. ‘ಯೂನಿಫಾರ್ಮಿಟಿ’ಗೆ ‘ವೆರೈಟಿ’ ಅಥವಾ ‘ಡೈವರ್ಸಿಟಿ’. ಶಾಲೆಯ ಯೂನಿಫಾರ್ಮಿಗೆ ನಾವು ಸಮವಸ್ತ್ರ ಎಂದು ಹೆಸರಿಟ್ಟಾಗ ಆ ‘ಒಂದೇ ರೂಪ’ ಎಂಬ ಲ್ಯಾಟಿನ್ ಅರ್ಥವನ್ನು ಹಾಗೆಯೇ ಉಳಿಸಿಕೊಂಡಿದ್ದೇವೆ.

ರೈತರ ಮಕ್ಕಳಿಗೆ ಇಲ್ಲಿ ಒಂದು ಮೋಜಿನ ತೊಡಕಿದೆ. ಬೀಜದ ವಿಷಯದಲ್ಲಿ ‘ವೆರೈಟಿ’ ಎಂದರೆ ತಳಿ. ನಮ್ಮ ಭಾಗದ ಹಿಂಗಾರಿ ಬಿಳಿಜೋಳದ ಮಾಲದಂಡಿ ಅಂಥದೊಂದು. 2001ರ ಸಸ್ಯತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ಹೊಸ ತಳಿಯೊಂದನ್ನು ನೋಂದಾಯಿಸಬೇಕಾದರೆ ಅದು ಉಳಿದ ತಳಿಗಳಿಂದ ಸ್ಪಷ್ಟವಾಗಿ ಭಿನ್ನವಾಗಿರಬೇಕು, ತನ್ನೊಳಗೆ ಏಕರೂಪವಾಗಿರಬೇಕು, ಪೀಳಿಗೆಯಿಂದ ಪೀಳಿಗೆಗೆ ಸ್ಥಿರವಾಗಿರಬೇಕು. ‘ವೆರೈಟಿ’ ಎನ್ನಿಸಿಕೊಳ್ಳಲು ಹೊರಗೆ ‘ಡಿಫರೆಂಟ್’, ಒಳಗೆ ‘ಯೂನಿಫಾರ್ಮ್’ ಎರಡೂ ಬೇಕು.

‘ಡಿಫರ್’ ಮತ್ತು ‘ಡೆಫರ್’ ಒಂದೇ ಪದವೇ?

ಮುಂದೂಡು ಎಂಬ ಅರ್ಥದ ‘ಡೆಫರ್’ ಹುಟ್ಟಿದ್ದು ‘ಡಿಫರ್’ ಹುಟ್ಟಿದ ಅದೇ ಲ್ಯಾಟಿನ್ ಪದದಿಂದ. ಈಗ ಅರ್ಥವೂ ಬೇರೆ, ಉಚ್ಚಾರವೂ ಬೇರೆ: ‘ಡಿಫರ್’ನಲ್ಲಿ ಒತ್ತು ಮೊದಲಿಗೆ, ‘ಡೆಫರ್’ನಲ್ಲಿ ಕೊನೆಗೆ. ಸಭೆ ಮುಂದೂಡಲಾಗಿದೆ ಎಂಬ ನೋಟಿಸಿನಲ್ಲಿ ‘ಡಿಫರ್ಡ್’ ಎಂದು ಟೈಪು ಮಾಡಿ ನಾನೇ ಒಮ್ಮೆ ನಗೆಗೀಡಾಗಿದ್ದೇನೆ.

ವಿರುದ್ಧಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದೇ?

ಪಟ್ಟಿಯಲ್ಲಿ ಒಂದು ಪದಕ್ಕೆ ಒಂದೇ ಎದುರು ಪದ ಇರುತ್ತದೆ, ವಾಕ್ಯದಲ್ಲಿ ಹಾಗಿರುವುದಿಲ್ಲ. ‘ಹಾರ್ಡ್’ ಕಲ್ಲಿನ ವಿಷಯವಾದರೆ ‘ಸಾಫ್ಟ್’, ಪ್ರಶ್ನೆಪತ್ರಿಕೆಯ ವಿಷಯವಾದರೆ ‘ಈಸಿ’. ‘ಓಲ್ಡ್’ ಮನೆಗೆ ‘ನ್ಯೂ’, ಮನುಷ್ಯನಿಗೆ ‘ಯಂಗ್’. ‘ಲೈಟ್’ ತೂಕಕ್ಕೆ ‘ಹೆವಿ’, ಬಣ್ಣಕ್ಕೆ ‘ಡಾರ್ಕ್’. ‘ಆಡ್’ ಸಂಖ್ಯೆಯಾದರೆ ‘ಈವನ್’, ಅಂದರೆ ನಮ್ಮ ಬೆಸ ಮತ್ತು ಸಮ. ವಿಚಿತ್ರ ಎಂಬ ಅರ್ಥವಾದರೆ ‘ನಾರ್ಮಲ್’. ಆದ್ದರಿಂದ ಗೆರೆ ಎಳೆದ ಪದವನ್ನಷ್ಟೇ ಅಲ್ಲ, ಅದರ ಅಕ್ಕಪಕ್ಕದ ನಾಮಪದವನ್ನೂ ಓದಿದ ಮೇಲೆಯೇ ಉತ್ತರ ಬರೆಯಬೇಕು.

‘ಡಿಟ್ಟೋ’ ಇಂಗ್ಲಿಷ್ ಪದವೇ? ಅದಕ್ಕೆ ವಿರುದ್ಧಪದ ಇದೆಯೇ?

ಮೂಲತಃ ಇಟಾಲಿಯನ್ ಪದ. ‘ಹೇಳಲ್ಪಟ್ಟ’ ಎಂದು ಅರ್ಥ. ಲೆಕ್ಕದ ಪುಸ್ತಕಗಳಲ್ಲಿ ಮೇಲಿನ ಸಾಲಿನಲ್ಲಿದ್ದದ್ದನ್ನು ಮತ್ತೆ ಬರೆಯುವ ಶ್ರಮ ತಪ್ಪಿಸಲು ಬಳಕೆಗೆ ಬಂತು. ಹಾಜರಿ ಪುಸ್ತಕದಲ್ಲಿ ಒಂದೇ ಊರಿನ ಮಕ್ಕಳ ಹೆಸರಿನ ಮುಂದೆ ಊರಿನ ಹೆಸರಿಗೆ ಬದಲಾಗಿ ಹಾಕುವ ಎರಡು ಸಣ್ಣ ಗೆರೆಗಳು ಇದರ ಗುರುತು. ನಮ್ಮ ಕಡೆ “ಡಿಟ್ಟೋ ಅವರಪ್ಪನಂಗ ಅದಾನ” ಎಂದು ಧಾರಾಳವಾಗಿ ಹೇಳುತ್ತೇವೆ. ವಿರುದ್ಧಪದವಿಲ್ಲ. ಊರು ಬದಲಾದಾಗ ಆ ಎರಡು ಗೆರೆ ನಿಲ್ಲಿಸಿ ಹೊಸ ಊರಿನ ಹೆಸರನ್ನು ಪೂರ್ತಿಯಾಗಿ ಬರೆಯಬೇಕಾಗುತ್ತದೆ, ಅಷ್ಟೆ.